ಹೆದರಬೇಕಾದವರು ಕಾಫಿ ಕೊಟ್ಟ ಬೆಳೆಗಾರರಲ್ಲ

ಮಾನ್ಯ ಸಂಪಾದಕರೇ,

ನಮ್ಮ ಭಾಗದ ಕಾಫಿ ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಹಸನು ಮಾಡುವ) ಕಂಪನಿಯೊಂದರ ಮೇಲೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠದಲ್ಲಿ ದಿವಾಳಿ ಪ್ರಕ್ರಿಯೆ ಆರಂಭವಾದಾಗಿನಿಂದ ಸಕಲೇಶಪುರ, ಆಲೂರು, ಬೇಲೂರು ಕಡೆಯ ಸಣ್ಣ ಬೆಳೆಗಾರರಲ್ಲಿ ಎರಡು ಮಾತು ಹಬ್ಬಿವೆ. ಕಳೆದ ವರ್ಷ ಕಂಪನಿಯಿಂದ ಹಣ ಪಡೆದವರೆಲ್ಲ ಅದನ್ನು ವಾಪಸ್ ಕಟ್ಟಬೇಕಾಗುತ್ತದೆ ಎಂಬುದು ಒಂದು. ಮಾಲೀಕರು ಮುಂಚೆಯೇ ಮನೆಯವರ ಹೆಸರಿಗೆ ಮಾಡಿಕೊಟ್ಟ ಆಸ್ತಿ ರಿಜಿಸ್ಟರ್ ಆಗಿಹೋಗಿದೆ, ಇನ್ನು ಯಾರೂ ಅದನ್ನು ಮುಟ್ಟಲಾಗದು ಎಂಬುದು ಇನ್ನೊಂದು. ಎರಡೂ ತಪ್ಪು. ಆದರೆ ಇವನ್ನು ನಂಬಿ ಎಷ್ಟೋ ಜನ ತಮಗೆ ಬರಬೇಕಾದ ಬಾಕಿಗೂ ಅರ್ಜಿ ಹಾಕದೆ ಸುಮ್ಮನಿದ್ದಾರೆ. ಬಾಕಿ ಕೇಳಲು ಹೋದರೆ ಹಳೆಯ ಹಣದ ಲೆಕ್ಕವೂ ಹೊರಬಂದೀತು ಎಂಬ ಭಯ ಅವರಿಗೆ. ಕ್ಯೂರಿಂಗ್ ಉದ್ಯಮದ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದ ನನಗೆ ಇದನ್ನು ನೋಡಿ ಸುಮ್ಮನಿರಲು ಆಗುತ್ತಿಲ್ಲ.

2016ರ ದಿವಾಳಿ ಸಂಹಿತೆಯ 43ನೇ ಕಲಂ ಹೇಳುವುದಿಷ್ಟು: ಕಂಪನಿ ದಿವಾಳಿ ಪ್ರಕ್ರಿಯೆಗೆ ಒಳಪಡುವ ಮುಂಚೆ, ಹಣ ಬರಬೇಕಾದವರು ಹಲವರಿರುವಾಗ, ಹಳೆಯ ಸಾಲದ ನೆಪದಲ್ಲಿ ಒಬ್ಬರನ್ನು ಮಾತ್ರ ಉಳಿದವರಿಗಿಂತ ಮೇಲಿಟ್ಟು ಆಸ್ತಿಯನ್ನೋ ಹಣವನ್ನೋ ಕೊಟ್ಟಿದ್ದರೆ ಆ ವ್ಯವಹಾರವನ್ನು ನ್ಯಾಯಮಂಡಳಿ ರದ್ದುಪಡಿಸಬಹುದು. ಪಡೆದವರು ಹೊರಗಿನವರಾದರೆ 1 ವರ್ಷದ, ನಿರ್ದೇಶಕರ ಹೆಂಡತಿ, ಮಗ, ತಮ್ಮ, ಅಳಿಯನಂಥ ಸಂಬಂಧಪಟ್ಟವರಾದರೆ 2 ವರ್ಷದ ಹಿಂದಿನವರೆಗೆ ಲೆಕ್ಕ ಕೆದಕಬಹುದು. ಅಲ್ಲಿ ಮೋಸದ ಉದ್ದೇಶವಿತ್ತೆಂದು ಸಾಬೀತುಪಡಿಸುವ ಅಗತ್ಯವೂ ಇಲ್ಲ.

ಅದೇ ಕಲಂ ಬೆಳೆಗಾರರನ್ನು ಕಾಯುತ್ತದೆ ಎಂಬುದು ನಮ್ಮವರಿಗೆ ತಿಳಿದಿಲ್ಲ. ಮಾಮೂಲು ವ್ಯಾಪಾರದ ಪಾವತಿಗಳನ್ನು ಅದು ಹೊರಗಿಟ್ಟಿದೆ. ಕೊಡುವವರಿಗೂ ಪಡೆಯುವವರಿಗೂ ಅದು ಮಾಮೂಲು ವ್ಯವಹಾರವೇ ಆಗಿರಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಬಿಡಿಸಿ ಹೇಳಿದೆ. ಹಂಗಾಮಿಗೆ ಹಂಗಾಮು ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ ಕಾಫಿ), ಚೆರಿ (ಹಣ್ಣನ್ನೇ ಒಣಗಿಸಿದ ಕಾಫಿ) ಕೊಳ್ಳುವುದು ಕಂಪನಿಯ ಕಸುಬು, ಮಾರುವುದು ಬೆಳೆಗಾರನ ಬದುಕು. ಅಂದಿನ ಮಾರುಕಟ್ಟೆ ದರ ಹಿಡಿದು, ತೂಕದ ಚೀಟಿಯ ಪ್ರಕಾರ ಖಾತೆಗೆ ಬಿದ್ದ ಹಣಕ್ಕೆ ಯಾರೂ ಅಂಜಬೇಕಿಲ್ಲ. ಹಣದ ಬದಲಿಗೆ ಕೊನೆಗಳಿಗೆಯಲ್ಲಿ ಕಂಪನಿಯ ಲಾರಿಯನ್ನೋ ಯಂತ್ರವನ್ನೋ ತಮ್ಮ ಹೆಸರಿಗೆ ಮಾಡಿಸಿಕೊಂಡವರ ವಿಷಯ ಬೇರೆ. ಅಂಥವರು ಬೇಗ ವಕೀಲರನ್ನು ಕಾಣುವುದು ಒಳ್ಳೆಯದು.

ಇನ್ನು ಮನೆಯವರ ಹೆಸರಿಗೆ ಹೋದ ಆಸ್ತಿ. ದಾನವಾಗಿ ಕೊಟ್ಟದ್ದು, ಬೆಲೆಗಿಂತ ತೀರಾ ಕಡಿಮೆಗೆ ಮಾರಿದ್ದು 45ನೇ ಕಲಮಿನಡಿ ಬರುತ್ತದೆ. ಅದಕ್ಕೂ ಇದೇ 1 ಮತ್ತು 2 ವರ್ಷದ ಲೆಕ್ಕ. ಹಣ ಬರಬೇಕಾದವರ ಕೈಗೆ ಸಿಗದಿರಲೆಂದೇ ಬೇಕೆಂದು ಹಾಗೆ ಮಾಡಿದ್ದರೆ 49ನೇ ಕಲಂ ಇದೆ. ಅದರಲ್ಲಿ ಇಂತಿಷ್ಟೇ ವರ್ಷ ಎಂಬ ಗಡಿಯನ್ನು ಹಾಕಿಲ್ಲ. ರಿಜಿಸ್ಟರ್ ಆದ ಪತ್ರವೆಂಬ ಕಾರಣಕ್ಕೆ ನ್ಯಾಯಮಂಡಳಿ ಕೈಕಟ್ಟಿ ಕೂರುವುದಿಲ್ಲ. ಮನೆ ಕಟ್ಟಿ ಮಾರುತ್ತಿದ್ದ ಜೇಪೀ ಇನ್ಫ್ರಾಟೆಕ್ ಕಂಪನಿ ತನ್ನ 750ಕ್ಕೂ ಹೆಚ್ಚು ಎಕರೆ ಜಮೀನನ್ನು ತನ್ನ ಮಾತೃಸಂಸ್ಥೆಯ ಸಾಲಕ್ಕಾಗಿ ಬ್ಯಾಂಕುಗಳಿಗೆ ಅಡಮಾನ ಮಾಡಿತ್ತು. ಹಣ ಕಟ್ಟಿದ ಸಾವಿರಾರು ಜನ ಮನೆಗಾಗಿ ಕಾಯುತ್ತಿದ್ದರು. 2020ರ ಫೆಬ್ರುವರಿ 26ರಂದು ಸುಪ್ರೀಂ ಕೋರ್ಟ್ ಆ ಅಡಮಾನಗಳನ್ನು ಅಸಿಂಧುಗೊಳಿಸಿತು. ದೊಡ್ಡ ದೊಡ್ಡ ಬ್ಯಾಂಕುಗಳ ಪತ್ರಗಳೇ ನಿಲ್ಲದಿದ್ದಲ್ಲಿ ಅಳಿಯನ ಹೆಸರಿನ ಗೋದಾಮು ನಿಂತೇ ನಿಲ್ಲುತ್ತದೆ ಎಂದು ನಾವೇಕೆ ಅಂದುಕೊಳ್ಳಬೇಕು?

ಆದರೆ ಇದು ತಾನಾಗಿ ನಡೆಯುವ ಕೆಲಸವಲ್ಲ. ನ್ಯಾಯಮಂಡಳಿ ನೇಮಿಸುವ ರೆಸಲ್ಯೂಷನ್ ಪ್ರೊಫೆಷನಲ್ (ದಿವಾಳಿ ಪ್ರಕ್ರಿಯೆಯನ್ನು ನಡೆಸುವವರು) ಇಂಥ ವ್ಯವಹಾರಗಳನ್ನು ಹುಡುಕಿ ಅರ್ಜಿ ಹಾಕಬೇಕು. ನಿಯಮದ ಪ್ರಕಾರ ಪ್ರಕ್ರಿಯೆ ಆರಂಭವಾದ 75ನೇ ದಿನದೊಳಗೆ ಅವರು ಈ ಬಗ್ಗೆ ಒಂದು ಅಭಿಪ್ರಾಯಕ್ಕೆ ಬರಬೇಕು. ಹೊರಊರಿಂದ ಬಂದವರ ಕೈಯಲ್ಲಿರುವುದು ಕಂಪ್ಯೂಟರಿನ ಲೆಕ್ಕ, ಒಂದಿಷ್ಟು ಫೈಲು. ಗೋದಾಮಿನ ಜಾಗಕ್ಕೆ ಆಗ ಊರಲ್ಲಿ ಏನು ಬೆಲೆಯಿತ್ತು, ಕೊಂಡವರು ಯಾರ ಕಡೆಯವರು, ಮೂಟೆಗಳನ್ನು ತುಂಬಿಕೊಂಡ ಲಾರಿ ಯಾರ ತೋಟಕ್ಕೆ ಹೋಯಿತು ಎಂಬುದೆಲ್ಲ ಗೊತ್ತಿರುವುದು ಇಲ್ಲಿನ ಲೆಕ್ಕ ಬರೆಯುವ ರೈಟರಿಗೆ, ಹಮಾಲರಿಗೆ, ಪಕ್ಕದ ಬೆಳೆಗಾರರಿಗೆ. ಟೀ ಅಂಗಡಿಯಲ್ಲಿ ಆಡುವ ಆ ಮಾತನ್ನೇ ದಿನಾಂಕ, ಸರ್ವೆ ನಂಬರಿನ ಸಮೇತ ಬರೆದು, ಸಿಕ್ಕರೆ ಇ.ಸಿ. (ಆಸ್ತಿಯ ಋಣಭಾರ ಪತ್ರ) ಪ್ರತಿಯನ್ನೂ ಲಗತ್ತಿಸಿ ರೆಸಲ್ಯೂಷನ್ ಪ್ರೊಫೆಷನಲ್ ಅವರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ಎಂದು ನಾನು ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ. ಕಡಿಮೆ ಬೆಲೆಗೆ ಕೈಬದಲಾಯಿಸಿದ ಆಸ್ತಿಯ ವಿಷಯವನ್ನು ಅವರು ನ್ಯಾಯಮಂಡಳಿಯ ಮುಂದೆ ತರದಿದ್ದರೆ, 47ನೇ ಕಲಮಿನಡಿ ಹಣ ಬರಬೇಕಾದವರೇ ನೇರವಾಗಿ ಅರ್ಜಿ ಹಾಕಲು ಅವಕಾಶವಿದೆ.

ಬಾಕಿಯ ಅರ್ಜಿ ಕಷ್ಟದ್ದೇನಲ್ಲ. ಮಾಲು ಕೊಟ್ಟವರಿಗೆ ಫಾರಂ ಬಿ ಇದೆ, ಅಂಚೆಯಲ್ಲೂ ಕಳಿಸಬಹುದು. ಕಾಫಿಯನ್ನು ಮಾರದೆ ಕ್ಯೂರಿಂಗ್‌ಗೆಂದು ಮಾತ್ರ ಬಿಟ್ಟವರು ಅದನ್ನು ಸ್ಪಷ್ಟವಾಗಿ ಬರೆಯಲಿ. ಆ ಕಾಫಿ ಇನ್ನೂ ಅವರದೇ, ಕಂಪನಿಯ ಆಸ್ತಿಯಲ್ಲ.

ಆಸೆ ಹುಟ್ಟಿಸಿ ಮೋಸ ಮಾಡಲು ನನಗೆ ಇಷ್ಟವಿಲ್ಲ. ಕಂಪನಿ ಮುಚ್ಚಿ ಆಸ್ತಿ ಹಂಚುವ ಹಂತ ಬಂದರೆ ಅಡಮಾನವಿರುವ ಬ್ಯಾಂಕುಗಳು, 24 ತಿಂಗಳವರೆಗಿನ ಕೂಲಿ ಬಾಕಿಯ ಕಾರ್ಮಿಕರು ಮುಂದಿರುತ್ತಾರೆ. ಮಾಲು ಕೊಟ್ಟವರು ಬಹಳ ಹಿಂದೆ. ಹೊರಹೋದ ಆಸ್ತಿ ಮರಳಿ ಬರದಿದ್ದರೆ ಆ ಸಾಲು ಬೆಳೆಗಾರರವರೆಗೆ ಮುಟ್ಟುವುದೇ ಇಲ್ಲ. ನನಗೆ ಸಂಕಟವಾಗುವುದು ಇದಕ್ಕೇ.

ಪತ್ರಿಕೆಯಲ್ಲಿ ನನ್ನದೊಂದು ವಿನಂತಿ. ಬಾಕಿ ಕೇಳಿ ಅರ್ಜಿ ಕರೆಯುವ ಪ್ರಕಟಣೆ ಒಂದು ಇಂಗ್ಲಿಷ್ ಮತ್ತು ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಬರಲೇಬೇಕೆಂದು ನಿಯಮವಿದೆ. ಅದು ಸಣ್ಣ ಅಕ್ಷರದಲ್ಲಿ, ಟೆಂಡರ್ ಜಾಹೀರಾತುಗಳ ನಡುವೆ ಬಂದು ಹೋಗುತ್ತದೆ, ತೋಟದಲ್ಲಿರುವವರ ಕಣ್ಣಿಗೆ ಬೀಳುವುದಿಲ್ಲ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಕಂಪನಿಗಳಿಗೆ ಸಂಬಂಧಿಸಿದ ಇಂಥ ಪ್ರಕಟಣೆ ಬಂದಾಗಲೆಲ್ಲ ಕೊನೆಯ ದಿನಾಂಕ, ಅರ್ಜಿ ಕಳಿಸಬೇಕಾದ ವಿಳಾಸ ಸಮೇತ ಅದನ್ನು ಜಿಲ್ಲಾ ಪುಟದಲ್ಲಿ ಸುದ್ದಿಯಾಗಿ ಹಾಕಿಸಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಲೆಕ್ಕಿಗ, ಹಾಸನ