ಬರೀ ಗೇಮ್ ಆಡಿದರೆ ಆಟ ಬೆಳೆಯಲ್ಲ, ಪ್ರಾಕ್ಟೀಸಿಗೂ ಕೋರ್ಟ್ ಬಿಡಿ

ಮಾನ್ಯ ಸಂಪಾದಕರೇ,

ನಮ್ಮ ಬಳ್ಳಾರಿಯಲ್ಲೂ ಈಗ ಪಿಕಲ್‌ಬಾಲ್ (ಪ್ಯಾಡಲ್ ಹಿಡಿದು ಪ್ಲಾಸ್ಟಿಕ್ ಚೆಂಡನ್ನು ನೆಟ್ ಆಚೀಚೆ ಹೊಡೆಯುವ ಆಟ) ಆಡುವವರು ಜಾಸ್ತಿಯಾಗಿದ್ದಾರೆ. ಬೆಳಿಗ್ಗೆ ಬಿಸಿಲು ಏರೋಕೆ ಮುಂಚೆ, ಸಂಜೆ ಲೈಟ್ ಹಾಕಿದ ಮೇಲೆ ಕೋರ್ಟಿಗೆ ಬರುವವರಲ್ಲಿ ಕಾಲೇಜು ಹುಡುಗರಿದ್ದಾರೆ, ಅಂಗಡಿ ಮುಚ್ಚಿ ನೇರ ಬರುವವರಿದ್ದಾರೆ, ರಿಟೈರ್ ಆದ ಮೇಷ್ಟ್ರುಗಳಿದ್ದಾರೆ, ಮಕ್ಕಳನ್ನು ಟ್ಯೂಷನ್‌ಗೆ ಬಿಟ್ಟು ಆ ಒಂದು ಗಂಟೆ ಆಡಿ ಹೋಗುವ ತಾಯಂದಿರೂ ಇದ್ದಾರೆ. ನೋಡೋಕೆ ಬಹಳ ಖುಷಿಯಾಗುತ್ತದೆ. ಆದರೆ ಒಂದು ವಿಷಯ ಹೇಳಲೇಬೇಕು. ಶುರು ಮಾಡಿದವರು ಕೆಲವೇ ತಿಂಗಳಲ್ಲಿ ಒಂದು ಮಟ್ಟಕ್ಕೆ ಬರುತ್ತಾರೆ, ಆಮೇಲೆ ಅಲ್ಲೇ ನಿಂತುಬಿಡುತ್ತಾರೆ. ಆಟಗಾರರ ಮಟ್ಟ ಅಳೆಯುವ ರೇಟಿಂಗ್ ಲೆಕ್ಕದಲ್ಲಿ ಹೇಳೋದಾದರೆ 3 ಅಥವಾ 3.5. ಅಲ್ಲಿಂದ 4ಕ್ಕೆ ಹೋಗುವವರು ತೀರಾ ಕಡಿಮೆ.

ಇದಕ್ಕೆ ಕಾರಣ ಆಟಗಾರರಲ್ಲಿ ಶಕ್ತಿ ಇಲ್ಲ ಅಂತಲ್ಲ. ಕೋರ್ಟ್ ಸಿಗುವುದೇ ಒಂದು ಗಂಟೆ. ಬಾಡಿಗೆ ನಾಲ್ಕೈದು ಜನ ಹಂಚಿಕೊಂಡಿರುತ್ತಾರೆ. ಹಾಗಾಗಿ ಬಂದ ತಕ್ಷಣ ಗೇಮ್ ಶುರು, 11 ಪಾಯಿಂಟ್ ಮುಗಿದರೆ ಮತ್ತೊಂದು ಗೇಮ್, ಟೈಮ್ ಆಯ್ತು, ವಗ್ಗಾಣಿ-ಮಿರ್ಚಿ ತಿಂದು ಮನೆಗೆ. ಗೇಮ್‌ನಲ್ಲಿ ಎಲ್ಲರೂ ತಮಗೆ ಬರುವ ಶಾಟನ್ನೇ ಹೊಡೆಯುತ್ತಾರೆ, ಬರದೇ ಇರುವುದನ್ನು ಮುಟ್ಟುವುದೇ ಇಲ್ಲ. ವರ್ಷಗಟ್ಟಲೆ ಹೀಗೇ ಆಡಿದರೆ ಆಟ ಬೆಳೆಯೋದು ಹೇಗೆ ಹೇಳಿ?

ಇಲ್ಲಿ ಸಮಸ್ಯೆ ಎಲ್ಲಿದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಆಟ ಗೊತ್ತಿಲ್ಲದ ಓದುಗರಿಗೂ ಅರ್ಥವಾಗಲಿ. ಪಿಕಲ್‌ಬಾಲ್ ಕೋರ್ಟ್ 44 ಅಡಿ ಉದ್ದ, 20 ಅಡಿ ಅಗಲ, ಅಂದರೆ ಬ್ಯಾಡ್ಮಿಂಟನ್ ಡಬಲ್ಸ್ ಕೋರ್ಟಿನಷ್ಟೇ. ನೆಟ್‌ನ ಎರಡೂ ಕಡೆ 7 ಅಡಿ ಜಾಗವಿದೆ, ಅದನ್ನು ಕಿಚನ್ ಅಂತಾರೆ, ಅದರೊಳಗೆ ನಿಂತು ಚೆಂಡನ್ನು ಗಾಳಿಯಲ್ಲೇ ಹೊಡೆಯುವಂತಿಲ್ಲ. ಸರ್ವ್ ಆದ ಚೆಂಡು ಆ ಕಡೆ ಒಂದು ಸಲ ಪುಟಿಯಬೇಕು, ವಾಪಸ್ ಬಂದಿದ್ದು ಈ ಕಡೆಯೂ ಒಂದು ಸಲ ಪುಟಿಯಬೇಕು. ಈ ನಿಯಮದಿಂದಾಗಿ ಸರ್ವ್ ಮಾಡಿದ ಜೋಡಿ ಹಿಂದಿನ ಗೆರೆ ಹತ್ತಿರವೇ ಕಾಯಬೇಕಾಗುತ್ತದೆ, ಎದುರಿನವರು ಮಾತ್ರ ಚೆಂಡು ವಾಪಸ್ ಕಳಿಸಿ ಓಡಿಬಂದು ಕಿಚನ್ ಗೆರೆ ಹಿಡಿದು ನಿಂತಿರುತ್ತಾರೆ. ಆಗ ಸರ್ವ್ ಕಡೆಯವರು ಹೊಡೆಯುವ ಮೂರನೇ ಶಾಟ್ ಇದೆಯಲ್ಲ, ಇಡೀ ಪಾಯಿಂಟ್ ಅದರ ಮೇಲೆ ನಿಂತಿದೆ.

ನಮ್ಮಲ್ಲಿ ಆ ಶಾಟಿಗೆ ಹತ್ತರಲ್ಲಿ ಎಂಟು ಜನ ಕಣ್ಣು ಮುಚ್ಚಿ ಜೋರಾಗಿ ಹೊಡೆಯುತ್ತಾರೆ. ಎದುರಾಳಿ ಚೆನ್ನಾಗಿ ಆಡುವವನಲ್ಲದಿದ್ದರೆ ಅದರಿಂದ ಪಾಯಿಂಟೂ ಬರುತ್ತದೆ, ಹಾಗಾಗಿ ಅಭ್ಯಾಸ ಬಿಡುವುದಿಲ್ಲ. ಮೇಲಿನ ಮಟ್ಟದಲ್ಲಿ ಇದು ನಡೆಯಲ್ಲ. ಅಲ್ಲಿ ಜೋರಾಗಿ ಹೊಡೆಯಬಾರದು ಅಂತ ಏನಿಲ್ಲ, ಆದರೆ ಡ್ರಾಪ್ ಕೂಡ ಕೈಯಲ್ಲಿರಬೇಕು. ಚೆಂಡನ್ನು ಮೆಲ್ಲಗೆ ಎತ್ತಿ ಹಾಕಬೇಕು. ಅದು ನಮ್ಮ ಕಡೆಯೇ ಎತ್ತರ ಮುಟ್ಟಿ, ನೆಟ್ ದಾಟುವಾಗ ಇಳಿಯುತ್ತಾ ಹೋಗಿ ಎದುರಿನವರ ಕಿಚನ್‌ನಲ್ಲಿ ಬೀಳಬೇಕು. ಆಗ ಅವರು ಕೆಳಗಿನಿಂದ ಮೇಲಕ್ಕೆ ಎತ್ತಲೇಬೇಕು, ಆ ಹೊತ್ತಿನಲ್ಲಿ ನಾವು ಮುಂದೆ ಬರಬಹುದು. ನೆಟ್ ತುದಿಯಲ್ಲಿ 36 ಇಂಚು, ನಡುವೆ 34 ಇಂಚು. ಈ ಎರಡು ಇಂಚಿನ ಲಾಭವನ್ನು ನಮ್ಮ ಆಟಗಾರರು ಲೆಕ್ಕಕ್ಕೇ ತೆಗೆದುಕೊಳ್ಳಲ್ಲ.

ಮುಂದೆ ಬರುವುದರಲ್ಲೂ ಅಷ್ಟೇ. ಸುಮ್ನೆ ಓಡಿ ಬಂದರೆ ಚೆಂಡು ಕಾಲಿಗೇ ಬೀಳುತ್ತದೆ. ಎದುರಿನವರ ಪ್ಯಾಡಲ್ ಚೆಂಡಿಗೆ ತಾಗುವ ಕ್ಷಣಕ್ಕೆ ಎಲ್ಲಿದ್ದೇವೋ ಅಲ್ಲೇ ಎರಡೂ ಕಾಲು ಊರಿ ನಿಲ್ಲಬೇಕು, ಆ ಚೆಂಡನ್ನು ತಣ್ಣಗೆ ಕಿಚನ್‌ಗೆ ಇಳಿಸಿ ಮತ್ತೆ ಎರಡು ಹೆಜ್ಜೆ ಮುಂದೆ.

ನಮ್ಮ ಕೋರ್ಟಿಗೆ ಒಬ್ಬರು ಹಿರಿಯರು ಬರುತ್ತಾರೆ, ಹಿಂದೆ ಟೇಬಲ್ ಟೆನಿಸ್ ಆಡುತ್ತಿದ್ದವರು. ಅವರ ಕೈ ನೋಡಬೇಕು ನೀವು. ಹುಡುಗರು ಎದೆಗೆ ಗುರಿಯಿಟ್ಟು ಬಾರಿಸಿದರೂ ಪ್ಯಾಡಲ್ ಬೀಸುವುದಿಲ್ಲ. ಎದೆ ಮುಂದೆ ಹಿಡಿದಿರುತ್ತಾರೆ, ಚೆಂಡು ತಾಗುವ ಹೊತ್ತಿಗೆ ಬೆರಳು ಸಡಿಲ ಬಿಡುತ್ತಾರೆ, ಅಷ್ಟೇ. ಅಷ್ಟು ಜೋರಾಗಿ ಬಂದ ಚೆಂಡು ನೆಟ್ ದಾಟಿ ಅಲ್ಲೇ ಸತ್ತು ಬೀಳುತ್ತದೆ. ಅದಕ್ಕೆ ರಿಸೆಟ್ ಅಂತಾರೆ. ಹುಡುಗರು ಇನ್ನೂ ಜೋರಾಗಿ ಹೊಡೆಯುತ್ತಾರೆ, ಇವರು ಮತ್ತೆ ಹಾಗೇ ಇಳಿಸುತ್ತಾರೆ, ನಾಲ್ಕನೆಯದೋ ಐದನೆಯದೋ ಚೆಂಡು ಸ್ವಲ್ಪ ಮೇಲೆದ್ದು ಬಂದಾಗ ಮಾತ್ರ ಇವರ ಹೊಡೆತ. ಚೆಂಡು ನೆಟ್‌ಗಿಂತ ಕೆಳಗಿದ್ದರೆ ತಾಳ್ಮೆ, ಮೇಲಿದ್ದರೆ ಹೊಡೆತ. ಈ ತೀರ್ಮಾನ ಕೈಗೆ ಹತ್ತಿದವರೇ ನನ್ನ ಪ್ರಕಾರ ಮೇಲಿನ ಮಟ್ಟದ ಆಟಗಾರರು. ದುಬಾರಿ ಪ್ಯಾಡಲ್ ಕೊಂಡರೆ ಇದು ಬರುವುದಿಲ್ಲ.

ಇದನ್ನು ಗೇಮ್ ಆಡುತ್ತಾ ಕಲಿಯೋಕೆ ಆಗಲ್ಲ, ಬೇರೆಯಾಗಿ ಕೂತು ತಿದ್ದಬೇಕು. ಅದಕ್ಕೆ ದೊಡ್ಡ ಕೋಚ್ ಕೂಡ ಬೇಕಿಲ್ಲ. ಇಬ್ಬರಿದ್ದರೆ ಸಾಕು. ಮೂಲೆಯಿಂದ ಮೂಲೆಗೆ ಕಿಚನ್ ಒಳಗೇ ಚೆಂಡು ಇಳಿಸುತ್ತಾ ಹತ್ತು ನಿಮಿಷ ಡಿಂಕ್ ಮಾಡಿ ನೋಡಿ, ತೊಡೆ ಮಾತಾಡುತ್ತದೆ. ಆಮೇಲೆ ಸೆವೆನ್-ಇಲೆವೆನ್ ಅಂತ ಒಂದು ಆಟವಿದೆ: ಒಬ್ಬರು ಕಿಚನ್ ಗೆರೆಯಲ್ಲಿ, ಇನ್ನೊಬ್ಬರು ನೆಟ್‌ನ ಆ ಕಡೆ ಹಿಂದಿನ ಗೆರೆಯಲ್ಲಿ. ಮುಂದಿರುವವರು ಗೆಲ್ಲೋಕೆ 11 ಪಾಯಿಂಟ್ ಮಾಡಬೇಕು, ಹಿಂದಿರುವವರಿಗೆ 7 ಸಾಕು, ಯಾಕಂದ್ರೆ ಅವರ ಕೆಲಸ ಕಷ್ಟದ್ದು. ಡ್ರಾಪ್, ರಿಸೆಟ್, ಮುಂದೆ ಬರುವುದು, ಮೂರೂ ಇದರಲ್ಲೇ ಬಂತು. ಅರ್ಧ ಕೋರ್ಟಿನಲ್ಲೇ ಆಡಬಹುದು, ಹಾಗಾಗಿ ಒಂದೇ ಕೋರ್ಟಿನಲ್ಲಿ ಎರಡು ಜೋಡಿ ಅಭ್ಯಾಸ ಮಾಡಬಹುದು.

ಹಾಗಾಗಿ ನಮ್ಮೂರಿನ ಕೋರ್ಟ್ ನಡೆಸುವವರಿಗೆ ನಿಮ್ಮ ಪತ್ರಿಕೆಯ ಮೂಲಕ ಒಂದು ವಿನಂತಿ. ವಾರದಲ್ಲಿ ಒಂದೆರಡು ದಿನವಾದರೂ, ಜನ ಕಡಿಮೆ ಇರುವ ಹೊತ್ತಿನಲ್ಲಿ, ಒಂದು ಕೋರ್ಟನ್ನು ಬರೀ ಪ್ರಾಕ್ಟೀಸಿಗೆ ಅಂತ ಅರ್ಧ ದರಕ್ಕೆ ಬಿಡಿ. ಮಧ್ಯಾಹ್ನ ಖಾಲಿ ಬಿದ್ದಿರುವ ಒಳಾಂಗಣ ಬ್ಯಾಡ್ಮಿಂಟನ್ ಹಾಲ್‌ಗಳಿದ್ದರೆ ಅಲ್ಲೂ ಕಿಚನ್ ಗೆರೆಗೆ ಟೇಪ್ ಅಂಟಿಸಿ, ತಗ್ಗಿಸಿದ ನೆಟ್ ಕಟ್ಟಿದರೆ ಕೆಲಸ ಆಯ್ತು. ಟೂರ್ನಮೆಂಟ್ ಮಾಡುವವರೂ ಓಪನ್ ಅಂತ ಒಂದೇ ವಿಭಾಗ ಇಡದೆ ಮಟ್ಟ ನೋಡಿ ವಿಂಗಡಿಸಲಿ. ಈಗ ನಡೆಯುತ್ತಿರುವುದು ಏನಂದ್ರೆ, ಹೊಸಬರು ಮೊದಲ ರೌಂಡಿನಲ್ಲೇ 11-0, 11-1 ಸೋತು ಮುಂದಿನ ಸಲ ಹೆಸರೇ ಕೊಡಲ್ಲ. ಚೆನ್ನಾಗಿ ಆಡುವವರಿಗೂ ಅದರಿಂದ ಏನೂ ಸಿಗಲ್ಲ.

ಕೇಂದ್ರ ಕ್ರೀಡಾ ಸಚಿವಾಲಯ 2025ರಲ್ಲಿ ಇಂಡಿಯನ್ ಪಿಕಲ್‌ಬಾಲ್ ಅಸೋಸಿಯೇಷನ್‌ಗೆ ಮಾನ್ಯತೆ ಕೊಟ್ಟಿದೆ. ಇನ್ನು ಮುಂದೆ ನಮ್ಮ ಭಾಗದ ಹುಡುಗ ಹುಡುಗಿಯರು ಇದನ್ನು ಗಂಭೀರವಾಗಿ ತೆಗೆದುಕೊಂಡೇ ತೆಗೆದುಕೊಳ್ಳುತ್ತಾರೆ. ಅವರು ಬೆಂಗಳೂರಿಗೆ ಹೋಗಿಯೇ ಡ್ರಾಪ್ ಕಲಿಯಬೇಕು ಅನ್ನುವ ಹಾಗೆ ಆಗಬಾರದು ಅಲ್ವಾ? ನಿಮ್ಮ ಕ್ರೀಡಾಪುಟದಲ್ಲೂ ಯಾರು ಗೆದ್ದರು ಅನ್ನುವುದರ ಜೊತೆಗೆ ಹೇಗೆ ಆಡಿ ಗೆದ್ದರು ಅಂತ ನಾಲ್ಕು ಸಾಲು ಬರೆದರೆ ನಮ್ಮಂಥವರಿಗೆ ಬಹಳ ಉಪಯೋಗ.

ಈ ಪ್ರಾಕ್ಟೀಸ್ ವ್ಯವಸ್ಥೆಯನ್ನು ಬೇಸಿಗೆಗೆ ಮುಂಚೆಯೇ ಶುರು ಮಾಡಲಿ. ಏಪ್ರಿಲ್ ಬಂತೆಂದರೆ ಬಳ್ಳಾರಿಯಲ್ಲಿ ಬೆಳಿಗ್ಗೆ ಎಂಟಕ್ಕೇ ಕೋರ್ಟ್ ಕಾದಿರುತ್ತದೆ, ಪ್ಲಾಸ್ಟಿಕ್ ಚೆಂಡೂ ಬಿಸಿಗೆ ಮೆತ್ತಗಾಗುತ್ತದೆ, ಆಗ ಆಡುವವರೆಲ್ಲ ಬೆಳಿಗ್ಗೆ ಬಿಸಿಲು ಏರೋಕೆ ಮುಂಚಿನ ಅದೇ ಎರಡು ತಾಸಿನ ಹೊತ್ತಿಗೆ ಮುಗಿಬೀಳುತ್ತಾರೆ.

— ಪಿಕಲ್‌ಬಾಲ್ ಆಟಗಾರ, ಗಾಂಧಿನಗರ, ಬಳ್ಳಾರಿ