‘1 ವಾಟ್’ ಎಂದಷ್ಟೇ ಬರೆದರೆ ಸಾಲದು

ಮಾನ್ಯ ಸಂಪಾದಕರೇ,

ಮಂಡ್ಯ, ಪಾಂಡವಪುರದ ಕಡೆ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಕೂರಿಸಲೆಂದು ಮಾರುವ ಕೆಲವು ವೈರ್‌ಲೆಸ್ ಸಾಧನಗಳ ಮೇಲೆ ‘1 ವಾಟ್’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಆ ಒಂದು ವಾಟ್ ರೇಡಿಯೊ ಪವರ್ ಯಾವ ಬ್ಯಾಂಡಿನಲ್ಲಿ, ಅಂದರೆ ಯಾವ ಆವರ್ತನ ವ್ಯಾಪ್ತಿಯಲ್ಲಿ ಸಿಗುತ್ತದೆ, ಬ್ಯಾಟರಿ ಎಷ್ಟು ವೋಲ್ಟ್ ಇದ್ದಾಗ, ಎಷ್ಟು ಕರೆಂಟ್ ಎಳೆದು ಎಂಬುದು ಮಾತ್ರ ಎಲ್ಲೂ ಕಾಣುವುದಿಲ್ಲ. ಕೊಳ್ಳುವ ರೈತರಿಗೂ, ಮೈಸೂರಿನ ಹೆಬ್ಬಾಳ, ಹೂಟಗಳ್ಳಿಯ ಸಣ್ಣ ಘಟಕಗಳಲ್ಲಿ ವಿನ್ಯಾಸಕ್ಕೆ ಕೂತ ಎಳೆಯ ಎಂಜಿನಿಯರುಗಳಿಗೂ ಬೇಕಾದದ್ದು ಆ ವಿವರವೇ.

ಇಂಥ ಸಾಧನದೊಳಗೆ ಎರಡು ರೇಡಿಯೊ ಇರುತ್ತವೆ. ಗದ್ದೆಯಾಚೆಯ ಸೆನ್ಸರ್‌ಗಳಿಗೆ, ಪರವಾನಗಿ ಬೇಡದ 865–868 ಮೆಗಾಹರ್ಟ್ಸ್‌ನಲ್ಲಿ ಲೋರಾ (ಪುಟ್ಟ ಸಂದೇಶಗಳನ್ನು ದೂರಕ್ಕೆ ಕಳಿಸುವ ರೇಡಿಯೊ ವಿಧಾನ), ಟವರಿಗೆ 4ಜಿ. ‘ಎರಡಕ್ಕೂ, ಸಂಕೇತಕ್ಕೆ ಬಲ ತುಂಬುವ ಒಂದೇ ಪವರ್ ಆಂಪ್ಲಿಫೈಯರ್ ಹಾಕಿದರೆ ಜಾಗ ಉಳಿಯುತ್ತದಲ್ಲ’ ಎಂಬ ಆಸೆ ಸಹಜ. ಆದರೆ ಲೋರಾ ಸಂಕೇತದ ಎತ್ತರ ಸದಾ ಒಂದೇ ಸಮ, ಆಂಪ್ಲಿಫೈಯರನ್ನು ಅದರ ಮಿತಿಯವರೆಗೂ ದುಡಿಸಬಹುದು. 4ಜಿ ಸಂಕೇತದ ಶಿಖರ ಸರಾಸರಿಗಿಂತ ಹಲವು ಡಿಬಿ (ಡೆಸಿಬೆಲ್; 3 ಡಿಬಿ ಎಂದರೆ ಪವರ್ ಇಮ್ಮಡಿ) ಮೇಲೇಳುತ್ತದೆ. ಶಿಖರ ಕತ್ತರಿಸಿಹೋದರೆ ಪಕ್ಕದ ಚಾನೆಲ್‌ಗೆ ಕಸ ಚೆಲ್ಲುತ್ತದೆ, ಹಾಗಾಗಿ ಅದನ್ನು ಮಿತಿಯ ಕೆಳಗೇ ಓಡಿಸಬೇಕು. ಬಿ-ಕ್ಲಾಸ್ ಎಂಬ ಬಗೆಯ ಆಂಪ್ಲಿಫೈಯರಿನ ಆದರ್ಶ ದಕ್ಷತೆ ಶೇ 78.5, 6 ಡಿಬಿ ಕೆಳಗಿಳಿಸಿದರೆ ಅದು ಶೇ 39. ಕಡಿಮೆ ಪವರ್ ಸಾಕಾದಾಗ ಡಿಸಿ-ಡಿಸಿ ಕನ್ವರ್ಟರಿನಿಂದ ಸಪ್ಲೈ ವೋಲ್ಟೇಜನ್ನೂ ಇಳಿಸುವುದು ಈ ನಷ್ಟಕ್ಕೆ ಮದ್ದು. ನಮ್ಮ ಸಲಹೆ: 4ಜಿಯ 824–915ಕ್ಕೆ ಒಂದು ಆಂಪ್ಲಿಫೈಯರ್, 1710–1980ಕ್ಕೆ ಒಂದು, 2300–2400 ಮೆಗಾಹರ್ಟ್ಸ್‌ಗೆ ಇನ್ನೊಂದು, ಲೋರಾಗೆ ಪ್ರತ್ಯೇಕ. ಸ್ವಿಚ್ ಮತ್ತು ಡುಪ್ಲೆಕ್ಸರ್ (ಕಳಿಸುವ, ಪಡೆಯುವ ಸಂಕೇತಗಳನ್ನು ಬೇರ್ಪಡಿಸುವ ಭಾಗ) ಸೇರಿ 3 ಡಿಬಿ ನುಂಗಿದರೆ, ಆಂಟೆನಾದಲ್ಲಿ 200 ಮಿಲಿವಾಟ್ ಬೇಕಾದಾಗ ಆಂಪ್ಲಿಫೈಯರ್ 400 ಮಿಲಿವಾಟ್ ಕೊಡಬೇಕಾಗುತ್ತದೆ. ಇದನ್ನು ಮರೆತೇ ಅರ್ಧ ಮಂದಿ ಎಡವುತ್ತಾರೆ.

ಲೋರಾದ ಒಂದು ವಾಟನ್ನೇ ತೆಗೆದುಕೊಳ್ಳೋಣ. ಲೆಕ್ಕ ಶುರುವಾಗಬೇಕಾದದ್ದು ಬ್ಯಾಟರಿಯಿಂದ. ಸೆಲ್ 3.4 ವೋಲ್ಟ್‌ಗೆ ಇಳಿದಿದೆ, ಟ್ರಾನ್ಸಿಸ್ಟರ್ 0.4 ವೋಲ್ಟ್ ತನಗೇ ಇಟ್ಟುಕೊಳ್ಳುತ್ತದೆ, ಉಳಿದದ್ದು 3. ಮೂರರ ವರ್ಗವನ್ನು ಪವರಿನ ಎರಡರಷ್ಟರಿಂದ ಭಾಗಿಸಿದರೆ 4.5 ಓಮ್: ಟ್ರಾನ್ಸಿಸ್ಟರಿಗೆ ಕಾಣಬೇಕಾದ ಲೋಡ್ ಇಷ್ಟು. ಆಂಟೆನಾ 50 ಓಮ್. ನಡುವಿನ ಈ ಅಂತರವನ್ನು ಒಂದು ಜೊತೆ ಇಂಡಕ್ಟರ್-ಕೆಪಾಸಿಟರಿನಿಂದ ಒಂದೇ ನೆಗೆತಕ್ಕೆ ದಾಟಿದರೆ ಕ್ಯೂ (ಇದು ಹೆಚ್ಚಿದಷ್ಟೂ ಕೆಲಸಮಾಡುವ ಬ್ಯಾಂಡ್ ಕಿರಿದು) 3.2ರಷ್ಟಾಗಿ ಬ್ಯಾಂಡ್ ಕಿರಿದಾಗುತ್ತದೆ. 15 ಓಮ್‌ನಲ್ಲಿ ಒಮ್ಮೆ ಕಾಲೂರಿ ಎರಡು ಹೆಜ್ಜೆಯಲ್ಲಿ ದಾಟಿದರೆ ಪ್ರತಿ ಹೆಜ್ಜೆಯ ಕ್ಯೂ 1.53. 866 ಮೆಗಾಹರ್ಟ್ಸ್‌ನಲ್ಲಿ ಭಾಗಗಳ ಅಳತೆ ಹೀಗೆ: ಮೊದಲು ಸರಣಿಯಲ್ಲಿ 1.26 ನ್ಯಾನೊಹೆನ್ರಿಯ ಇಂಡಕ್ಟರ್, ನೆಲಕ್ಕೆ (ಸರ್ಕ್ಯೂಟಿನ ಗ್ರೌಂಡಿಗೆ) 18.7 ಪಿಕೊಫ್ಯಾರಡ್‌ನ ಕೆಪಾಸಿಟರ್, ಆಮೇಲೆ 4.2 ನ್ಯಾನೊಹೆನ್ರಿ, 5.6 ಪಿಕೊಫ್ಯಾರಡ್. ಇಂಡಕ್ಟರಿನ ಸ್ವಂತ ಕ್ಯೂ (ಇದು ಹೆಚ್ಚಿದಷ್ಟೂ ನಷ್ಟ ಕಡಿಮೆ) 40 ಇದ್ದರೆ ಇದರಲ್ಲಿ ಶೇ 7ರಷ್ಟು ಪವರ್ ಹೋಗುತ್ತದೆ; ಅಗ್ಗದ, ಕ್ಯೂ 20ರ ಇಂಡಕ್ಟರ್ ಹಾಕಿದರೆ ಶೇ 14. ಕೆಪಾಸಿಟರ್, ಶಾಖಕ್ಕೆ ಅಳತೆ ಅಷ್ಟಾಗಿ ಬದಲಾಗದ ಸಿ0ಜಿ ಬಗೆಯದೇ ಇರಲಿ.

ಈ ಲೆಕ್ಕವೆಲ್ಲ ಸರಿಯಿದ್ದೂ ಬೋರ್ಡ್ ಕೈಕೊಡುವ ಜಾಗ ಒಂದಿದೆ, ವಯಾ, ಅಂದರೆ ಬೋರ್ಡಿನ ಪದರಗಳನ್ನು ಜೋಡಿಸುವ ತಾಮ್ರ ಲೇಪಿತ ತೂತು. 1.6 ಮಿಲಿಮೀಟರ್ ದಪ್ಪದ ಎರಡು ಪದರದ ಪಿಸಿಬಿಯಲ್ಲಿ 0.3 ಮಿಲಿಮೀಟರ್‌ನ ಒಂದೇ ತೂತಿನ ಮೂಲಕ ಕೆಪಾಸಿಟರನ್ನು ನೆಲಕ್ಕೆ ಇಳಿಸಿದರೆ, ಆ ತೂತೇ ಸುಮಾರು 1.3 ನ್ಯಾನೊಹೆನ್ರಿ, ಅಂದರೆ 7 ಓಮ್. 18.7 ಪಿಕೊಫ್ಯಾರಡ್‌ನ ರಿಯಾಕ್ಟೆನ್ಸ್ (ಎಸಿ ಕರೆಂಟಿಗೆ ಒಡ್ಡುವ, ಇಂಡಕ್ಟರಿನದಕ್ಕೆ ವಿರುದ್ಧವಾದ ತಡೆ) 9.8 ಓಮ್. ಒಂದರಿಂದ ಇನ್ನೊಂದು ಕಳೆದು ಉಳಿಯುವುದು 2.8, ನೀವು ಕೂರಿಸಿದ 18.7, ಆಂಪ್ಲಿಫೈಯರಿಗೆ 65 ಪಿಕೊಫ್ಯಾರಡ್‌ನಂತೆ ಕಾಣುತ್ತದೆ. ಆಮೇಲೆ ಅಳತೆ ಬದಲಿಸಿ ಬದಲಿಸಿ ಬೆಸುಗೆ ಹಾಕಿದರೂ ಹದ ಸಿಗುವುದಿಲ್ಲ. ನಾಲ್ಕು ಪದರದ ಬೋರ್ಡಿನಲ್ಲಿ ನೆಲದ ತಾಮ್ರವನ್ನು 0.2 ಮಿಲಿಮೀಟರ್ ಕೆಳಗೇ ಇಟ್ಟರೆ ಅದೇ ವಯಾ 0.1 ನ್ಯಾನೊಹೆನ್ರಿಗೂ ಕಡಿಮೆ. 50 ಓಮ್‌ನ ತಾಮ್ರದ ಗೆರೆಯೂ 3 ಮಿಲಿಮೀಟರ್ ಅಗಲದಿಂದ 0.4ರ ಆಸುಪಾಸಿಗೆ ಇಳಿಯುತ್ತದೆ. ಬೋರ್ಡ್ ಚಿಕ್ಕದಾಗುವುದು ನಿಜವಾಗಿ ಇಲ್ಲಿಂದ. ಖರ್ಚು ಹೆಚ್ಚು, ಹೌದು. ಆದರೂ ಇಲ್ಲಿ ಕಾಸು ಉಳಿಸಬೇಡಿ.

ನೆರೆಯವರ ಪಾಡೂ ನೋಡಬೇಕು. ಆಂಪ್ಲಿಫೈಯರ್ ತನ್ನ ಆವರ್ತನದ ಎರಡರಷ್ಟರಲ್ಲೂ ಒಂದಿಷ್ಟು ಸೂಸುತ್ತದೆ (ಎರಡನೇ ಹಾರ್ಮೋನಿಕ್), 866ರ ಎರಡರಷ್ಟು 1732 ಮೆಗಾಹರ್ಟ್ಸ್. ಅದು ಬೀಳುವುದು ನೇರ 1800 ಬ್ಯಾಂಡಿನಲ್ಲಿ ಫೋನುಗಳು ಟವರಿಗೆ ಮಾತಾಡುವ 1710–1785ರೊಳಗೆ. ಇತ್ತ 869ರಿಂದಲೇ 850 ಬ್ಯಾಂಡಿನ ಟವರ್ ಫೋನಿಗೆ ಮಾತಾಡುವ ಭಾಗ ಶುರು. ಎರಡನೇ ಹಾರ್ಮೋನಿಕ್ ಅಡಗಿಸಲು ಬೇರೆ ಫಿಲ್ಟರಿಗೆ ಜಾಗವಿಲ್ಲದಿದ್ದರೆ, ಕೊನೆಯ 5.6 ಪಿಕೊಫ್ಯಾರಡ್ ತೆಗೆದು 4.2 ಪಿಕೊಫ್ಯಾರಡ್ ಮತ್ತು 2 ನ್ಯಾನೊಹೆನ್ರಿಯನ್ನು ಸರಣಿಯಲ್ಲಿ ಜೋಡಿಸಿ ನೆಲಕ್ಕೆ ಇಳಿಸಿ. 866ರಲ್ಲಿ ಅದು ಹಳೆಯ 5.6ರಂತೆಯೇ ವರ್ತಿಸುತ್ತದೆ, 1732ರಲ್ಲಿ ಪೂರ್ತಿ ನೆಲಕ್ಕೆ ಎಳೆಯುತ್ತದೆ. ಒಂದೇ ಒಂದು ಭಾಗ ಹೆಚ್ಚು, ಅಷ್ಟೆ.

ಇನ್ನು ಕರೆಂಟ್. ದಕ್ಷತೆ ಶೇ 40 ಎಂದಿಟ್ಟುಕೊಂಡರೆ ಒಂದು ವಾಟಿಗೆ 2.5 ವಾಟ್ ಬೇಕು, 3.6 ವೋಲ್ಟ್‌ನಲ್ಲಿ 0.7 ಆಂಪ್. ಹಳೆಯ ಸೆಲ್ಲಿನ ಒಳರೋಧ 0.3 ಓಮ್ ಆಗಿದ್ದರೆ ಕಳಿಸುವ ಹೊತ್ತಿಗೆ 0.2 ವೋಲ್ಟ್ ಕುಸಿದು, ಮೈಕ್ರೊಕಂಟ್ರೋಲರ್ ರೀಸೆಟ್ ಆಗಿ ಸಂದೇಶ ಅರ್ಧಕ್ಕೇ ನಿಲ್ಲಬಹುದು. ದೊಡ್ಡ ಕೆಪಾಸಿಟರ್ ಇಟ್ಟರಾಯಿತು ಎನ್ನುವವರು ಲೆಕ್ಕ ಹಾಕಿ ನೋಡಲಿ: 1000 ಮೈಕ್ರೊಫ್ಯಾರಡ್ ಈ ಕರೆಂಟಿಗೆ 0.1 ವೋಲ್ಟ್ ಇಳಿಯಲು 0.14 ಮಿಲಿಸೆಕೆಂಡ್ ಸಾಕು, ಲೋರಾ ಸಂದೇಶವೋ ಒಂದು ಸೆಕೆಂಡಿಗೂ ಮೀರಬಹುದು. ಎಳೆದ 2.5 ವಾಟ್‌ನಲ್ಲಿ ಉಳಿದ 1.5 ವಾಟ್ ಬರೀ ಶಾಖ. ಬಿಸಿಲಿಗೆ ಕಾದ ಪೆಟ್ಟಿಗೆಯೊಳಗೆ 60 ಡಿಗ್ರಿ ಎಂದು ಎಣಿಸಿ. ಪ್ರತಿ ವಾಟಿಗೆ 40 ಡಿಗ್ರಿ ಏರುವ ಜೋಡಣೆಯಾದರೆ ಚಿಪ್ 120 ಮುಟ್ಟುತ್ತದೆ. ಅಡಿಯಲ್ಲಿ ಒತ್ತೊತ್ತಾಗಿ ವಯಾ ಹೊಡೆದು ಕೆಳಪದರದ ತಾಮ್ರವನ್ನು ಹರವಿ ಆ ಏರಿಕೆಯನ್ನು ವಾಟಿಗೆ 25 ಡಿಗ್ರಿಗೆ ತಂದರೆ ಚಿಪ್ 100ರೊಳಗೆ ನಿಲ್ಲುತ್ತದೆ.

ಆಂಟೆನಾವನ್ನು ಕಬ್ಬಿಣದ ಪೆಟ್ಟಿಗೆಯೊಳಗೆ ಮುಚ್ಚಿಟ್ಟರೆ ಮೇಲಿನದೆಲ್ಲ ವ್ಯರ್ಥ. ವಿಎಸ್‌ಡಬ್ಲ್ಯುಆರ್ (ಆಂಟೆನಾ ಹೊಂದಿಕೆ ಎಷ್ಟು ತಪ್ಪಿದೆ ಎಂಬ ಅಳತೆ; 1 ಎಂದರೆ ಪೂರ್ತಿ ಹೊಂದಿಕೆ) 3 ಆಯಿತೆಂದರೆ ಕಾಲು ಭಾಗ ಪವರ್ ಹಿಂದಕ್ಕೆ ಬರುತ್ತದೆ. 4.5 ಓಮ್ ಕಾಣಬೇಕಾದ ಟ್ರಾನ್ಸಿಸ್ಟರಿಗೆ ಕೇಬಲ್ಲಿನ ಉದ್ದಕ್ಕೆ ತಕ್ಕಂತೆ 1.5 ಕಂಡೀತು, 13.5 ಕಂಡೀತು. ಮೊದಲನೆಯದರಲ್ಲಿ ಕರೆಂಟ್ ಏರಿ ಸುಡುತ್ತದೆ, ಎರಡನೆಯದರಲ್ಲಿ ಪವರೇ ಬರುವುದಿಲ್ಲ. ಆಂಟೆನಾ ಪೆಟ್ಟಿಗೆಯ ಹೊರಗೆ, ಬೆಳೆದ ಕಬ್ಬಿನ ಗರಿಗಿಂತ ಎತ್ತರದಲ್ಲಿರಲಿ.

ತಯಾರಕರಲ್ಲಿ ನಮ್ಮ ಕೋರಿಕೆ ಇಷ್ಟು. ಪ್ರತಿ ಬ್ಯಾಂಡಿಗೂ ಆಂಟೆನಾ ಕನೆಕ್ಟರಿನಲ್ಲಿ ಅಳೆದ ಪವರ್, ಆಗಿನ ವೋಲ್ಟೇಜ್, ಕರೆಂಟ್, ಎರಡನೇ ಹಾರ್ಮೋನಿಕ್ ಎಷ್ಟು ಡಿಬಿ ಕೆಳಗಿದೆ, ಈ ನಾಲ್ಕನ್ನು 3.4 ವೋಲ್ಟ್‌ಗೂ 4.2 ವೋಲ್ಟ್‌ಗೂ ಮುದ್ರಿಸಿ. 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 30 ವಾಟ್ ಟ್ರಾನ್ಸ್‌ಮಿಟರಿನಿಂದ ‘ಆಕಾಶವಾಣಿ’ ಎಂಬ ಹೆಸರಲ್ಲಿ ಬಾನುಲಿ ಆರಂಭಿಸಿದ ಊರು ನಮ್ಮದು. ಇಲ್ಲಿನ ಮತ್ತು ಮಂಡ್ಯದ ಎಂಜಿನಿಯರಿಂಗ್ ಕಾಲೇಜುಗಳು ತಮ್ಮ ಸ್ಪೆಕ್ಟ್ರಮ್ ಅನಲೈಸರನ್ನು (ಯಾವ ಆವರ್ತನದಲ್ಲಿ ಎಷ್ಟು ಪವರ್ ಎಂದು ತೋರಿಸುವ ಉಪಕರಣ) ವಾರಕ್ಕೊಂದು ದಿನ ಸಣ್ಣ ಘಟಕಗಳಿಗೆ ತೆರೆದಿಡಬೇಕು. ಅಳೆಯಲು ಬರುವವರು 2 ವಾಟ್ ತಡೆಯುವ 30 ಡಿಬಿ ಅಟೆನ್ಯುಯೇಟರ್ (ಪವರ್ ತಗ್ಗಿಸುವ ಸಾಧನ) ತರುವುದನ್ನು ಮಾತ್ರ ಮರೆಯಬಾರದು; ಅದಿಲ್ಲದೆ ಒಂದು ವಾಟನ್ನು ನೇರವಾಗಿ ಹರಿಸಿದರೆ ಕಾಲೇಜಿನ ಉಪಕರಣದ ಇನ್‌ಪುಟ್ಟೇ ಸುಟ್ಟುಹೋದೀತು.

ಇಬ್ಬರು ಆರ್‌ಎಫ್ ವಿನ್ಯಾಸ ಎಂಜಿನಿಯರುಗಳು
ಹೂಟಗಳ್ಳಿ, ಮೈಸೂರು