ಬೆಲೆಯ ಚೀಟಿಯ ಪಕ್ಕ ಇನ್ನೂ ನಾಲ್ಕು ಸಾಲು ಬರೆಯಿರಿ

ಮಾನ್ಯ ಸಂಪಾದಕರೇ,

ಮನೆಗಳಿಗೆ ಹೋಗಿ ಅಕ್ವೇರಿಯಂ ತೊಳೆದು, ಫಿಲ್ಟರ್ ಸರಿಪಡಿಸಿ ಕೊಡುವುದು ನನ್ನ ಉದ್ಯೋಗ. ಜಯನಗರ, ಬನಶಂಕರಿ, ಜೆ.ಪಿ. ನಗರದ ಅನೇಕ ಗಾಜಿನ ತೊಟ್ಟಿಗಳ ಒಳಜಗಳ ನನಗೆ ಗೊತ್ತು. ‘ಮೊನ್ನೆ ತಂದ ಮೀನು ಇಂದು ತೇಲುತ್ತಿದೆ, ನೀರಿನಲ್ಲಿ ಏನೋ ದೋಷವಿದೆ’ ಎಂದು ಕರೆ ಬರುತ್ತದೆ. ಹೋಗಿ ನೋಡಿದರೆ ಎಷ್ಟೋ ಸಲ ನೀರು ನಿರಪರಾಧಿ. ಒಂದೇ ತೊಟ್ಟಿಯಲ್ಲಿ ಬಾಳಲಾರದ ಮೀನುಗಳನ್ನು ಕೂಡಿಹಾಕಿರುತ್ತಾರೆ. ಮನೆಯವರನ್ನು ಏಕೆ ದೂರಲಿ? ಅಂಗಡಿಯಲ್ಲಿ ಅವರನ್ನು ಕೇಳಿದ್ದು ಯಾವ ಬಣ್ಣ ಬೇಕು, ಎಷ್ಟು ಜೋಡಿ ಬೇಕು ಎಂದಷ್ಟೇ.

ಗೋಲ್ಡ್ ಫಿಶ್ ಜೊತೆಗೆ ನಿಯಾನ್ ಟೆಟ್ರಾ ಎಂಬ ಪುಟ್ಟ ಮೀನುಗಳನ್ನು ಕಟ್ಟಿಕೊಡುವುದು ಈ ಊರಿನಲ್ಲಿ ಮಾಮೂಲಾಗಿದೆ. ಗೋಲ್ಡ್ ಫಿಶ್ ತಂಪು ನೀರಿನ ಜೀವಿ. ಇಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿ ಅದು ಸುಖವಾಗಿರುತ್ತದೆ, ಬೆಂಗಳೂರಿನ ಚಳಿ ಅದಕ್ಕೆ ಹಿತ. ಟೆಟ್ರಾಗಳಿಗೆ 24, 25 ಡಿಗ್ರಿ ಬೇಕು. ಹೀಟರ್ ಹಾಕಿದರೆ ಒಂದಕ್ಕೆ ಸಂಕಟ. ಹಾಕದಿದ್ದರೆ ಡಿಸೆಂಬರ್ ರಾತ್ರಿಗಳಲ್ಲಿ ಇನ್ನೊಂದು ಸೊರಗಿ ಮೈತುಂಬ ಬಿಳಿಚುಕ್ಕೆ ರೋಗ. ಸಾಲದ್ದಕ್ಕೆ, ಬೆಳೆದ ಗೋಲ್ಡ್ ಫಿಶ್ ತನ್ನ ಬಾಯಿಗೆ ಹಿಡಿಸಿದ್ದನ್ನೆಲ್ಲ ನುಂಗುತ್ತದೆ. ಎಂಟು ಕೆಂಪು, ಒಂದು ಕಪ್ಪು ಗೋಲ್ಡ್ ಫಿಶ್ ಸಾಕಿದರೆ ಮನೆಗೆ ಐಶ್ವರ್ಯ ಬರುತ್ತದೆಂದು ನಂಬುವವರು ಬಹಳ. ನಂಬಿಕೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಒಂಬತ್ತನ್ನೂ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಗೆ ಬಿಡುತ್ತಾರೆ. ಅಂಚಿನವರೆಗೆ ತುಂಬಿದರೂ ಅದರಲ್ಲಿ ಹಿಡಿಯುವುದು ಐವತ್ತೈದು ಲೀಟರ್ ಚಿಲ್ಲರೆ ನೀರು. ಗೇಣುದ್ದ ಬೆಳೆಯಬಲ್ಲ, ತಿಂದದ್ದಕ್ಕೆ ತಕ್ಕಂತೆ ಹೊಲಸು ಮಾಡುವ ಒಂಬತ್ತು ಮೀನುಗಳಿಗೆ ಅಷ್ಟು ನೀರು ಯಾವ ಮೂಲೆಗೆ?

ಏಂಜಲ್ ಮೀನು ಅಂಗಡಿಯಲ್ಲಿ ಹತ್ತು ರೂಪಾಯಿ ನಾಣ್ಯದಷ್ಟಿರುತ್ತದೆ. ಕೆಲವೇ ತಿಂಗಳಲ್ಲಿ ಅಂಗೈಯಗಲ ಆಗುತ್ತದೆ, ನಿಯಾನ್‌ಗಳು ಒಂದೊಂದಾಗಿ ಕಾಣೆಯಾಗುತ್ತವೆ. ಪಕ್ಕದ ಮನೆಯ ಬೆಕ್ಕಿನ ಮೇಲೆ ಅನುಮಾನಪಟ್ಟವರನ್ನೂ ಕಂಡಿದ್ದೇನೆ! ಟೈಗರ್ ಬಾರ್ಬ್ ಇನ್ನೊಂದು ರಗಳೆ. ಎಂಟು ಹತ್ತರ ಗುಂಪಿನಲ್ಲಿದ್ದರೆ ತಮ್ಮ ತಮ್ಮಲ್ಲೇ ಅಟ್ಟಾಡಿಕೊಂಡಿರುತ್ತವೆ. ಅಂಗಡಿಯವರು ಎರಡೇ ಎರಡು ಕೊಡುತ್ತಾರೆ. ಆ ಎರಡು ಹಗಲಿಡೀ ಗಪ್ಪಿ ಮೀನುಗಳ ಬಾಲ, ಏಂಜಲ್‌ಗಳ ಮೀಸೆಯಂತಹ ರೆಕ್ಕೆ ಕಚ್ಚುತ್ತಾ ತಿರುಗುತ್ತವೆ. ಗಂಡು ಫೈಟರ್ ಮೀನಂತೂ ಗಪ್ಪಿಯ ಬಣ್ಣದ ಬಾಲ ಕಂಡರೆ ಎದುರಾಳಿಯೆಂದೇ ತಿಳಿಯುತ್ತದೆ.

ನನಗೆ ಎಲ್ಲಕ್ಕಿಂತ ಸಿಟ್ಟು ಬರಿಸುವುದು ಸಕ್ಕರ್ ಮೀನಿನ ವ್ಯಾಪಾರ. ‘ಇದೊಂದು ಇದ್ದರೆ ತೊಟ್ಟಿ ತೊಳೆಯುವುದೇ ಬೇಡ’ ಎಂದು ಎರಡಂಗುಲದ ಮರಿ ಕೊಡುತ್ತಾರೆ. (ನನ್ನ ಹೊಟ್ಟೆಯ ಮೇಲೆ ಹೊಡೆಯುವ ಮಾತು ಎಂಬುದು ಹಾಗಿರಲಿ.) ದಕ್ಷಿಣ ಅಮೆರಿಕದ ಆ ಮೀನು ಒಂದಡಿಗೂ ಮೀರಿ ಬೆಳೆಯುತ್ತದೆ. ಅದು ನೆಕ್ಕುವ ಪಾಚಿಗಿಂತ ಹಾಕುವ ಹಿಕ್ಕೆಯೇ ಹೆಚ್ಚು. ಹೊಟ್ಟೆಗೆ ಸಾಲದಾಗ ರಾತ್ರಿ ಹೊತ್ತು ಗೋಲ್ಡ್ ಫಿಶ್‌ಗಳ ಮೈಗೆ ಅಂಟಿಕೊಂಡು ಲೋಳೆ ಹೆರೆಯುತ್ತದೆ. ಗಾಯವಾಗಿ ಸತ್ತ ಮೀನುಗಳನ್ನು ನಾನು ಎತ್ತಿ ಹಾಕಿದ್ದೇನೆ. ಗಾಜಿನ ಪಾಚಿಗೆ ಸೋಪು ಮುಟ್ಟದ ಸ್ಪಂಜು ಸಾಕು. ‘ಶಾರ್ಕ್’ ಎಂದು ಮಕ್ಕಳಿಗೆ ಮಾರುವ ಬೆಳ್ಳಿ ಬಣ್ಣದ ಮೀನಿನ ಕಥೆ ಇನ್ನೂ ದೊಡ್ಡದು. ಅದು ಶಾರ್ಕ್ ಅಲ್ಲ, ಮೆಕಾಂಗ್ ನದಿಯ ಪಂಗಾಸ್. ಹೋಟೆಲುಗಳಲ್ಲಿ ಬಾಸಾ ಎಂದು ಬಡಿಸುವ ಮೀನಿನ ಕುಲದ್ದು. ಮೀಟರಿಗೂ ಮೀರಿ ಬೆಳೆಯುವ ಅದನ್ನು ಟಿ.ವಿ. ಪಕ್ಕದ ತೊಟ್ಟಿಯಲ್ಲಿ ಸಾಕುವುದು ಹೇಗೆ ಎಂದು ಮಾರಿದವರೇ ಹೇಳಬೇಕು.

ಬೆಂಗಳೂರಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ‘ನಿಮ್ಮ ಮನೆಗೆ ಬರುವುದು ಕಾವೇರಿ ನೀರೋ, ಬೋರ್‌ವೆಲ್ ನೀರೋ?’ ಎಂಬುದು. ಕಾವೇರಿ ನೀರು ಅಷ್ಟು ಗಡಸಲ್ಲ. ಕ್ಲೋರಿನ್ ತೆಗೆದರೆ ಟೆಟ್ರಾಗಳಿಗೆ ಹೊಂದುತ್ತದೆ. ನಲ್ಲಿಯ ಬಾಯಲ್ಲಿ ಬಿಳಿಯ ಸುಣ್ಣ ಕಟ್ಟಿಸುವ ಬೋರ್‌ವೆಲ್ ನೀರಿನಲ್ಲಿ ಗಪ್ಪಿ, ಮೋಲಿ, ಪ್ಲಾಟಿಗಳು ಸಂಸಾರ ಬೆಳೆಸುತ್ತವೆ. ಒಂದೇ ಬೀದಿಯ ಎರಡು ಮನೆಗಳಿಗೆ ಒಂದೇ ಮೀನು ಹೊಂದಬೇಕೆಂದಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಅಂಗಡಿಯವರು ತೊಟ್ಟಿಯ ಗಾಜಿಗೆ ಬೆಲೆಯ ಚೀಟಿ ಅಂಟಿಸಿಯೇ ಇರುತ್ತಾರೆ. ಅದರ ಪಕ್ಕ ಕನ್ನಡದಲ್ಲಿ ಇನ್ನೂ ನಾಲ್ಕು ಸಾಲು ಬರೆಯಲಿ: ಮೀನು ಪೂರ್ತಿ ಬೆಳೆದರೆ ಎಷ್ಟುದ್ದ, ಎಂಥ ನೀರು ಮತ್ತು ಎಷ್ಟು ಬಿಸಿ ಬೇಕು, ಕನಿಷ್ಠ ಎಷ್ಟರ ಗುಂಪು, ಯಾರ ಜೊತೆ ಬಿಡಬಾರದು. ಕಬ್ಬನ್ ಉದ್ಯಾನದ ಅಂಚಿನ ಸರ್ಕಾರಿ ಮತ್ಸ್ಯಾಲಯ ಮೀನುಗಾರಿಕೆ ಇಲಾಖೆಯದೇ ಅಲ್ಲವೇ? ಇಲಾಖೆಯೇ ಮಾದರಿ ಚೀಟಿ ಮುದ್ರಿಸಿ ಹಂಚಿದರೆ ಖರ್ಚೇನೂ ದೊಡ್ಡದಲ್ಲ. ಹೀಗೆ ಬರೆದರೆ ವ್ಯಾಪಾರ ಕೆಡುತ್ತದೆ ಎಂದು ಪರಿಚಯದ ಅಂಗಡಿಯವರೊಬ್ಬರು ನಕ್ಕರು. ತಂದ ಮೀನುಗಳೆಲ್ಲ ಸತ್ತು, ಬೇಸತ್ತು, ತೊಟ್ಟಿಯಲ್ಲಿ ಹಳೆಯ ಪತ್ರಿಕೆ ತುಂಬಿಟ್ಟಿರುವ ಮನೆಗಳನ್ನು ಅವರಿಗೆ ತೋರಿಸಬಲ್ಲೆ. ಅಂಥವರು ಮತ್ತೆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ.

ಚೀಟಿಯಲ್ಲಿ ಜಾಗ ಉಳಿದರೆ ಐದನೆಯ ಸಾಲೂ ಇರಲಿ: ತೊಟ್ಟಿಗೆ ಹಿಡಿಸದಷ್ಟು ಬೆಳೆದ ಮೀನನ್ನು ಕೆರೆಗೆ ಬಿಡಬೇಡಿ, ಈ ಅಂಗಡಿಯಲ್ಲೇ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ ಎಂದು. ಕೆರೆ ಸೇರಿದ ಸಕ್ಕರ್ ಅಲ್ಲಿಯೇ ಮರಿ ಮಾಡುತ್ತದೆ, ಅದರ ಮುಳ್ಳಿಗೆ ಬೆಸ್ತರ ಬಲೆ ಹರಿಯುತ್ತದೆ.

– ಅಕ್ವೇರಿಯಂ ನಿರ್ವಹಣೆಯ ಕೆಲಸಗಾರ, ಬನಶಂಕರಿ 2ನೇ ಹಂತ, ಬೆಂಗಳೂರು